ಜೇಬಕ್ಕನ ಗುರುತಿನ ಚೀಟಿ

"ಅಯ್ಯೋ, ನನ್ನ ಮೂಗೆಲ್ಲಿ ಹೋಯ್ತು?"

ಕೇಳಿದ್ದು ಯಾರನ್ನೂ ಅಲ್ಲ. ಎದುರಿಗಿದ್ದದ್ದು ಬಾಯ್ತೆರೆದ ಒಗೆಯುವ ಯಂತ್ರ, ಅದರ ಹೊಟ್ಟೆಯಲ್ಲಿ ಒದ್ದೆ ಬಟ್ಟೆಗಳ ರಾಶಿ. ಜೇಬಕ್ಕನ ಅಂಗೈ ಮೇಲೆ ಅವಳ ಮತದಾರರ ಗುರುತಿನ ಚೀಟಿ ಇತ್ತು. ಕುದಿನೀರೂ ಸೋಪಿನ ಪುಡಿಯೂ ಸೇರಿ ಅದನ್ನು ಚೆನ್ನಾಗಿಯೇ ಒಗೆದಿದ್ದವು. ಹೆಸರು ಅರ್ಧ ಉಳಿದಿತ್ತು, ಫೋಟೋದಲ್ಲಿ ಒಂದು ಕಿವಿ ಉಳಿದಿತ್ತು. ಮಿಕ್ಕ ಮುಖವೆಲ್ಲ ಮೋಡ ಕವಿದ ಹಾಗೆ ಮಸುಕು.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಯಂತ್ರಕ್ಕೆ ಬೀಳುವ ಮೊದಲು ಜೇಬು ತಡಕುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಲ್ಲಿ ಡಾಕ್ಟರುಗಳ ಪೆನ್ನು, ನರ್ಸಮ್ಮಂದಿರ ಉಂಗುರ, ಒಮ್ಮೆ ಮುದುಕರೊಬ್ಬರ ಕಟ್ಟಿಸಿದ ಹಲ್ಲು, ಎಲ್ಲವನ್ನೂ ಹುಡುಕಿ ಅವರವರಿಗೆ ಮುಟ್ಟಿಸಿದ್ದಳು. ತಡಕದೆ ಬಿಟ್ಟದ್ದು ಒಂದೇ ಒಂದು ಜೇಬು, ತನ್ನ ಮೇಲಂಗಿಯದು.

"ಊರವರ ಜೇಬೆಲ್ಲ ತಡಕಿ ತನ್ನದನ್ನೇ ಮರೆತಳಂತೆ ಮಹಾರಾಯ್ತಿ!" ಇಸ್ತ್ರಿ ಮಾಡುವ ಹೆಂಗಸು ನಕ್ಕಳು. "ಹೋಗ್ಲಿ ಬಿಡೇ. ನಿನ್ನೊಬ್ಬಳ ಓಟಿಲ್ದೆ ಯಾವ ರಾಜ್ಯ ಮುಳುಗಿಹೋಗುತ್ತೆ?"

"ನಿಂಗೆ ಗೊತ್ತಾಗಲ್ಲ ಕಣೇ."

ಗೊತ್ತಾಗುವ ಹಾಗೆ ಹೇಳಲು ಅವಳಿಗೂ ಬರುತ್ತಿರಲಿಲ್ಲ. ಮತಗಟ್ಟೆಯಲ್ಲಿ ಒಬ್ಬರು ಪಟ್ಟಿ ನೋಡಿ ಅವಳ ಹೆಸರನ್ನು, ಅಪ್ಪನ ಹೆಸರಿನ ಸಮೇತ, ಎಲ್ಲರಿಗೂ ಕೇಳುವಂತೆ ಓದುತ್ತಾರೆ. ಇಲ್ಲಿ ಜೇಬಕ್ಕ, ಮನೆಯಲ್ಲಿ ಅಮ್ಮ, ಬೀದಿಯಲ್ಲಿ 'ಏ, ಇವಳೇ'. ಪೂರ್ತಿ ಹೆಸರು ಕಿವಿಗೆ ಬೀಳುವುದು ಅದೊಂದೇ ದಿನ. ಚಿಕ್ಕಂದಿನಲ್ಲಿ ಅಪ್ಪ ರಾಗವಾಗಿ ಪದ್ಯ ಓದುವಾಗ ಉಸಿರು ಬಿಗಿಹಿಡಿದು ಕೇಳುತ್ತಿದ್ದಳಲ್ಲ, ಅಲ್ಲಿಯೂ ಹಾಗೆಯೇ ನಿಂತು ಕೇಳುತ್ತಿದ್ದಳು. ಈ ಸಲದಿಂದ ಹೊಸ ಕಟ್ಟಳೆ: ಮುಖ ಕಾಣುವ ಚೀಟಿಯಿಲ್ಲದೆ ಒಳಗೆ ಬಿಡುವುದಿಲ್ಲ. ಮತದಾನ ಶನಿವಾರ.

ಮಂಗಳವಾರ ಊಟದ ಬಿಡುವಿನಲ್ಲಿ ಹೊಸ ಚೀಟಿ ಕೇಳಲು ಚುನಾವಣಾ ಕಚೇರಿಗೆ ಓಡಿದಳು. ಅವರಿಗೂ ಅದೇ ಹೊತ್ತಿಗೆ ಊಟದ ಬಿಡುವು. ಬುಧವಾರ ಅರ್ಧ ದಿನದ ಕೂಲಿ ಬಿಟ್ಟು ಹೋಗಿ ಸಾಲಿನಲ್ಲಿ ನಿಂತಳು. ಗುಮಾಸ್ತ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಇದ್ರಲ್ಲಿರೋದು ನೀವೇ ಅಂತ ಹೇಗೆ ನಂಬೋದು ತಾಯಿ?"

"ಕಿವಿ ನೋಡಿ ಸ್ವಾಮಿ. ನಂದೇ."

ಗುಮಾಸ್ತನಿಗೆ ನಗು ತಡೆಯಲಾಗಲಿಲ್ಲ. "ಬರೀ ಕಿವೀನ ಒಳಗೆ ಬಿಡಕ್ಕಾಗಲ್ವಲ್ಲ! ಜನನ ಪತ್ರ ಇದೆಯಾ?"

ಅವಳು ಹುಟ್ಟಿದ ಊರಿಗೆ ಒಂದಿಡೀ ದಿನದ ಬಸ್ಸು.

"ಬಾಡಿಗೆ ಕರಾರು?"

"ಮನೆ ಓನರಮ್ಮ ಕಾಗದ ಅಂದ್ರೇ ಮೈಮೇಲೆ ಬೀಳ್ತಾರೆ."

ಗುಮಾಸ್ತ ದನಿ ತಗ್ಗಿಸಿದ. "ಹಾಗಾದ್ರೆ ಕೆಲಸದ ಕಡೆಯಿಂದ ಒಂದು ಪತ್ರ ತನ್ನಿ. ಸಹಿ, ಮೊಹರು ಎರಡೂ ಇರ್ಬೇಕು. ಶುಕ್ರವಾರ ಸಂಜೆ ದಾಟಿದ್ರೆ ನನ್ನ ಕೈಲೇನೂ ಇಲ್ಲ."

ಗುರುವಾರ ಬೆಳಿಗ್ಗೆ ಮೇಲ್ವಿಚಾರಕನ ಗಾಜಿನ ಕೋಣೆಯೆದುರು ಕೈ ಒರೆಸಿಕೊಂಡು ನಿಂತಳು. ಆತ ಕೆಟ್ಟವನೇನಲ್ಲ. ಕೇಳಿದ ಕೂಡಲೇ ಕಾಗದ ತೆಗೆದ.

"ಅಲ್ಲಾ, ನಿನ್ನ ಪೂರ್ತಿ ಹೆಸರೇನು ಜೇಬಕ್ಕ?"

ಹೇಳಿದಳು. ಬರೆದುಕೊಂಡ. ವಿಳಾಸ ಬರೆದ, ಹತ್ತೊಂಬತ್ತು ವರ್ಷ ಎಂದು ಬರೆದ, ಸಹಿ ಹಾಕಿದ. ಮೊಹರನ್ನು ಶಾಯಿಗೆ ಅದ್ದಿ ಎತ್ತಿದ ಕೈಯನ್ನು ಅಲ್ಲಿಯೇ ತಡೆದ.

"ಅಂದ ಹಾಗೆ ಶನಿವಾರ ರಜೆ ಅಂತ ಎಲ್ಲರೂ ಜಾರ್ಕೊಳ್ತಿದ್ದಾರೆ. ನೀನು ಬೆಳಿಗ್ಗೆ ಆರಕ್ಕೆ ಬಂದು ಸಂಜೆ ಆರರವರೆಗೆ ಇದ್ದುಬಿಡು."

"ಓಟು ಐದಕ್ಕೆ ಮುಗಿಯುತ್ತೆ ಸಾರ್."

"ಓಟು ಇನ್ನೊಂದ್ಸಲ ಬರುತ್ತೆ ಕಣಮ್ಮ. ರೋಗಿಗಳು ಮಾಸಿದ ಹೊದಿಕೇಲೇ ಮಲಗ್ಲಾ? ನನ್ನ ಕಷ್ಟಾನೂ ಒಸಿ ನೋಡು. ಹೂಂ ಅನ್ನು, ಒತ್ತಿಕೊಡ್ತೀನಿ."

ಯಂತ್ರಗಳು ಗುಡುಗುಡು ತಿರುಗುತ್ತಿದ್ದವು. ಇಷ್ಟು ವರ್ಷದಲ್ಲಿ ಆತ ಹೇಳಿದ ಯಾವುದಕ್ಕೂ ಅವಳು ಹೂಂ ಅನ್ನದೆ ಇದ್ದದ್ದಿಲ್ಲ. ಹಬೆಯಲ್ಲಿ ಬೆಂದ ಗಂಟಲಿಗೆ ಅದೇ ಅಭ್ಯಾಸ. ಮೇಜಿನ ಮೇಲೆ ಅವಳ ಹೆಸರು, ಅಪ್ಪನ ಹೆಸರಿನ ಸಮೇತ, ಇನ್ನೂ ಒದ್ದೆಯಾಗಿ ಹೊಳೆಯುತ್ತಿತ್ತು. ಮೊಹರು ಅದರಿಂದ ಒಂದು ಗೇಣು ಮೇಲೆ.

"ಇಲ್ಲ ಸಾರ್," ಅಂದಳು. "ಶನಿವಾರ ನಾನು ಬರಲ್ಲ."