ಮಾಸ್ತಮ್ಮನ ಕೇಸು

ಬೆಳ್ಳಪ್ಪ ಮೂರನೇ ಸಲ ಕತ್ತಿ ಎತ್ತಿಕೊಂಡು ಬಿದಿರು ಸೀಳತೊಡಗಿದ. ಹೆಂಡತಿಯ ಚಟ್ಟಕ್ಕೆ ಗಂಡ ಕೈ ಹಾಕಬಾರದೆಂದು ಅಕ್ಕಪಕ್ಕದವರು ಎರಡು ಸಲ ಕತ್ತಿ ಕಸಿದುಕೊಂಡಿದ್ದರು. ಸುಮ್ಮನೆ ಕೂರುವುದು ಅವನಿಂದ ಆಗುತ್ತಿರಲಿಲ್ಲ. ಅರ್ಧ ಸೀಳಿರುವಾಗ ಕಪ್ಪು ಕಾರೊಂದು ಬಂದು ಅಂಗಳದ ದಾರಿಗೆ ಅಡ್ಡವಾಗಿ ನಿಂತಿತು.

ಇಳಿದವನು ಮೊದಲು ತನ್ನ ಬೂಟಿಗೆ ಧೂಳು ಮೆತ್ತಿತೇ ಎಂದು ನೋಡಿಕೊಂಡ. ಆಮೇಲೆ ಮನೆಯನ್ನು ನೋಡಿದ. ಮಾಘದ ಬಿಸಿಲಿನಲ್ಲೂ ಕೋಟು ಹಾಕಿದ್ದ.

ಜಗಲಿಯಲ್ಲಿದ್ದ ನೆರೆಮನೆಯ ಮುದುಕಿ ಬಂಗಾರಮ್ಮ ಕಣ್ಣು ಕಿರಿದು ಮಾಡಿ ಕೇಳಿದಳು. "ಯಾರು ಅದು?"

"ಸಾಗರದ ಡಾಕ್ಟ್ರು," ಎಂದ ಬೆಳ್ಳಪ್ಪ. ಒಂಬತ್ತು ವರ್ಷವಾಗಿದ್ದರೂ ಅವನಿಗೆ ಗುರುತು ಹತ್ತಿತ್ತು.

"ಸತ್ತ ಮೇಲೆ ಡಾಕ್ಟ್ರು ಬಂದು ಎಂತ ಮಾಡೋದು?"

"ಮೈ ನೋಡೋ ಡಾಕ್ಟ್ರಲ್ಲ. ಮನಸ್ಸು ನೋಡ್ತಿದ್ರಲ್ಲ, ಅವ್ರು."

"ಓ, ಅವನಾ," ಎಂದು ಬಂಗಾರಮ್ಮ ಬಾಯಿಯ ಎಲೆಯಡಿಕೆಯನ್ನು ಕಾರಿನ ಕಡೆಗೇ ಉಗಿದಳು.

ಡಾಕ್ಟರು ಗಣೇಶಮೂರ್ತಿ ಜಗಲಿಯ ಬೆಂಚಿನ ಮೇಲೆ ಕರವಸ್ತ್ರ ಹಾಸಿ ಕೂತ. ಹೊಸನಗರದಂಥ ಊರಲ್ಲಿ ಕಾರಿನಿಂದ ಇಳಿದವನಿಗೆ ಯಾರಾದರೂ ನೀರು ಕೊಡುತ್ತಾರೆ. ಅವನಿಗೆ ಯಾರೂ ಕೊಡಲಿಲ್ಲ. ಸಾವಿನ ಮನೆಯೆಂದು ಅವನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

"ತೀರ್ಥಹಳ್ಳಿಗೆ ಹೊರಟಿದ್ದೆ. ಅಲ್ಲಿ ಮಹಿಳಾ ಸಮಾಜದಲ್ಲಿ ನನ್ನ ಭಾಷಣವಿದೆ. ಬಸ್‌ಸ್ಟ್ಯಾಂಡಿನ ಹೋಟೆಲಲ್ಲಿ ಸುದ್ದಿ ತಿಳಿಯಿತು. ನನ್ನ ಪೇಷೆಂಟಲ್ಲವೇ, ಬಾರದಿದ್ದರೆ ಹೇಗೆ?"

ಬೆಳ್ಳಪ್ಪ ತಲೆಯಾಡಿಸಿದ.

"ಕೊನೆಗೆ ಹೇಗಿದ್ದಳು? ನಿದ್ದೆ ಬರುತ್ತಿತ್ತೇ? ತನ್ನಷ್ಟಕ್ಕೇ ಮಾತಾಡುತ್ತಿದ್ದಳೇ?" ಅವನು ಕೋಟಿನ ಜೇಬಿನಿಂದ ಪುಟ್ಟ ಪುಸ್ತಕ ತೆಗೆದ. "ನಾನೊಂದು ಗ್ರಂಥ ಬರೆಯುತ್ತಿದ್ದೇನೆ. ಇವಳ ಕೇಸಿಗೆ ಒಂದು ಅಧ್ಯಾಯವೇ ಇದೆ. ಕೊನೆ ತಿಳಿಯದೆ ಹಾಗೇ ನಿಂತಿತ್ತು."

"ಹೆಣ ಇನ್ನೂ ಒಳಗೇ ಇದೆ, ಸ್ವಾಮಿ."

"ಹೌದು, ಹೌದು. ನಿಧಾನವಾಗಿ ಹೇಳಿ."

ಹತ್ತು ಗಂಟೆಯ ಬಸ್ಸಿನಲ್ಲಿ ಅರಳಸುರಳಿಯಿಂದ, ತೀರಿಕೊಂಡ ಮಾಸ್ತಮ್ಮನ ಅಕ್ಕ ದುರ್ಗಮ್ಮ ಬಂದಳು. ಅವಳ ಹಿಂದೆ ವರದಾ. ಮಾಸ್ತಮ್ಮನ ಮಗಳು, ಹದಿನಾರು ವರ್ಷದವಳು, ಏಳನೇ ವಯಸ್ಸಿನಿಂದ ದೊಡ್ಡಮ್ಮನ ಮನೆಯಲ್ಲೇ ಬೆಳೆದವಳು. ದುರ್ಗಮ್ಮ ಅಳುತ್ತಾ ಒಳಗೆ ಹೋದಳು. ವರದಾ ಜಗಲಿಯ ತುದಿಯಲ್ಲಿ ನಿಂತುಬಿಟ್ಟಳು.

"ಒಳಗೆ ಬಾರೆ. ಅಮ್ಮನ ಮುಖ ನೋಡು," ಎಂದು ದುರ್ಗಮ್ಮ ಬಾಗಿಲಿಗೆ ಬಂದು ಕರೆದಳು.

"ಇಲ್ಲೇ ಇರ್ತೀನಿ ದೊಡ್ಡಮ್ಮ. ಅವ್ರಿಗೆ ಬೇಡದವಳು ನಾನು. ಈಗ ಹೋಗಿ ಎಂತ ಮಾಡ್ಲಿ?"

ಬಂಗಾರಮ್ಮ ಯಾರಿಗೂ ಅಲ್ಲವೆಂಬಂತೆ ಹೇಳಿದಳು. "ಬಸ್ ಹತ್ತಿ ಬರೋಕೆ ಕಾಲು ಇತ್ತು. ಹೊಸ್ತಿಲು ದಾಟೋಕೆ ಇಲ್ಲ."

*

ಮಾಸ್ತಮ್ಮ ಇಕ್ಕೇರಿಯಿಂದ ಎರಡು ಮೈಲಿ ಒಳಗಿನ ಕೇರಿಯವಳು. ಕೇರಿಯ ಮದುವೆಗಳಲ್ಲಿ ಸೋಬಾನೆಗೆ ಮೊದಲ ದನಿ ಅವಳದಾಗಿರುತ್ತಿತ್ತು. ಗಂಡ ರಸ್ತೆ ಕೆಲಸದ ಗ್ಯಾಂಗಿನಲ್ಲಿದ್ದ. ವರದಾ ದೊಡ್ಡವಳು, ಲಚ್ಚಿ ಚಿಕ್ಕವಳು. ಐವತ್ತೊಂಬತ್ತನೇ ಇಸವಿಯಲ್ಲಿ ನಾಲ್ಕು ವರ್ಷದ ಲಚ್ಚಿ ತೀರಿಕೊಂಡಳು. ಆಮೇಲೆ ಮಾಸ್ತಮ್ಮನಿಗೆ ನಿದ್ದೆ ಹೋಯಿತು, ಮಾತೂ ಹೋಯಿತು. ಬೆಳಗಾದರೆ ಸಾಗರದ ರಸ್ತೆಯಲ್ಲಿ ಒಂದಷ್ಟು ದೂರ ನಡೆದು ತಿರುಗಿ ಬರುತ್ತಿದ್ದಳು.

ಗ್ಯಾಂಗಿನ ಮೇಸ್ತ್ರಿ ಬೆಳ್ಳಪ್ಪನಿಗೆ ಹೇಳಿದ, "ಸಾಗರಕ್ಕೆ ಹೊಸ ಡಾಕ್ಟ್ರು ಬಂದಿದಾರೆ. ಬೊಂಬಾಯಲ್ಲಿ ಕಲಿತವ್ರಂತೆ. ಮದ್ದು ಕೊಡಲ್ಲ, ಮಾತಲ್ಲೇ ಗುಣ ಮಾಡ್ತಾರಂತೆ." ಹೆಂಡತಿಯನ್ನು ಯಾರಾದರೂ ಮಾತಾಡಿಸಿದರೆ ಸಾಕಾಗಿತ್ತು ಬೆಳ್ಳಪ್ಪನಿಗೆ. ಕರೆದುಕೊಂಡು ಹೋದ.

ಗಣೇಶಮೂರ್ತಿ ಬೊಂಬಾಯಿಯಲ್ಲಿ ಎರಡು ವರ್ಷ ಇದ್ದು ಒಂದು ಸಿದ್ಧಾಂತ ಕಲಿತು ಬಂದಿದ್ದ. ಒಂದೇ ಒಂದು. ಬಂದವರೆಲ್ಲರಿಗೂ ಅದನ್ನೇ ತೊಡಿಸುತ್ತಿದ್ದ. ಅಂಗಿ ಹಿಡಿಯದಿದ್ದರೆ ಅದು ಮೈಯ ತಪ್ಪಾಗಿರುತ್ತಿತ್ತು.

ಮೊದಲ ದಿನ ಮಾಸ್ತಮ್ಮ, "ಅವತ್ತು ಬೆಳಿಗ್ಗೆ ಲಚ್ಚಿಗೆ..." ಎಂದು ಶುರು ಮಾಡಿದಳು.

ಅವನು ಕೈಯೆತ್ತಿ ತಡೆದ. "ಘಟನೆ ಬೇಡ. ಅದು ಮೇಲಿನ ಸಿಪ್ಪೆ. ಚಿಕ್ಕಂದಿನಿಂದ ಹೇಳು."

ಅವಳು ಚಿಕ್ಕಂದಿನಿಂದ ಹೇಳಿದಳು. ಐದನೇ ವಾರ ಅವನು ಕೇಳಿದ, "ಎರಡನೆಯದು ಹೊಟ್ಟೆಯಲ್ಲಿದ್ದಾಗ ಏನು ಬಯಸಿದ್ದೆ?"

ಸುಳ್ಳು ಹೇಳಿ ಅಭ್ಯಾಸವಿಲ್ಲದ ಹೆಂಗಸು. "ಗಂಡಾಗ್ಲಿ ಅಂತ ಇತ್ತು," ಎಂದಳು.

ಗಣೇಶಮೂರ್ತಿ ಪೆನ್ನು ಕೆಳಗಿಟ್ಟ. ಐದು ವಾರದಿಂದ ಕಾಯುತ್ತಿದ್ದದ್ದು ಸಿಕ್ಕಿತ್ತು. "ನೋಡು, ಆ ಮಗು ಬೇಡವೆಂದು ನಿನ್ನ ಒಳಮನಸ್ಸು ಅಂದೇ ತೀರ್ಮಾನಿಸಿತ್ತು. ಅದು ಸತ್ತಾಗ ನಿನ್ನ ಆಸೆ ಈಡೇರಿತು. ಅದಕ್ಕೇ ನಿನಗೆ ನಿದ್ದೆ ಇಲ್ಲ."

"ಇಲ್ಲ ಸ್ವಾಮಿ. ಹಂಗಲ್ಲ."

"ಇಲ್ಲ ಅನ್ನುವುದೇ ಹೌದು ಅನ್ನುವುದರ ಗುರುತು."

ಹೌದೆಂದರೂ ಹೌದು, ಇಲ್ಲವೆಂದರೂ ಹೌದು. ಓದಿದವನು ಹೇಳುತ್ತಿದ್ದಾನೆ. ಮಾಸ್ತಮ್ಮ ಸುಮ್ಮನಾದಳು. ಆ ಮೌನವನ್ನೂ ಅವನು ಹೌದೆಂದೇ ಬರೆದುಕೊಂಡ.

ಎರಡು ವಾರದ ಮೇಲೆ ಅವಳಾಗಿಯೇ ಹೇಳಿದಳು. "ನೀವು ಆ ಮಾತು ಹೇಳ್ದಾಗಿಂದ ಜಾಸ್ತಿ ಆಗಿದೆ ಸ್ವಾಮಿ. ಅನ್ನ ಸೇರಲ್ಲ. ವರದಾನ್ನ ಮುಟ್ಟಕ್ಕೆ ಹೋದ್ರೆ ಕೈ ನಡುಗ್ತದೆ."

"ಒಳ್ಳೆಯದು. ಚಿಕಿತ್ಸೆ ನಾಟುತ್ತಿದೆ." ಅವನು ಗಡಿಯಾರ ನೋಡಿಕೊಂಡ. "ಆ ಹುಡುಗಿಯನ್ನು ಸ್ವಲ್ಪ ಕಾಲ ದೂರ ಇಡು. ನಿನ್ನ ಒಳಮನಸ್ಸನ್ನು ನಂಬುವಂತಿಲ್ಲ."

ಆ ವಾರವೇ ವರದಾ ಅರಳಸುರಳಿಗೆ ಹೋದಳು. ಡಾಕ್ಟರು ಹೇಳಿದ್ದೆಂದು ಮಾಸ್ತಮ್ಮ ಗಂಡನಿಗೂ ಬಾಯಿಬಿಡಲಿಲ್ಲ. "ನನ್ನ ಹತ್ರ ಬೇಡ," ಎಂದಷ್ಟೇ ಹೇಳಿದಳು. ಬಸ್ಸು ಹೊರಡುವಾಗ ಮಗಳು ಕಿಟಕಿಯಿಂದ ಕೈ ಚಾಚಿದ್ದಳು. ತಾಯಿ ನಾಲ್ಕು ಮಾರು ದೂರದಲ್ಲೇ ನಿಂತಿದ್ದಳು.

ಅಷ್ಟಕ್ಕೇ ಮುಗಿಯಲಿಲ್ಲ. ಗಣೇಶಮೂರ್ತಿ ಒಂದು ವಾರಪತ್ರಿಕೆಗೆ ಲೇಖನ ಬರೆದ. ಹೆಸರಿನ ಜಾಗದಲ್ಲಿ 'ಮ' ಎಂದು ಹಾಕಿ ತನ್ನ ಧರ್ಮ ಕಾಪಾಡಿಕೊಂಡ. ಇಕ್ಕೇರಿಯ ಹತ್ತಿರದ ಕೇರಿ, ರಸ್ತೆ ಕೆಲಸದ ಗಂಡ, ನಾಲ್ಕು ವರ್ಷದ ಮಗು ಎಲ್ಲವೂ ಹಾಗೇ ಇದ್ದವು. ಶಾಲೆಯ ಮೇಷ್ಟರು ಅಂಗಡಿಕಟ್ಟೆಯಲ್ಲಿ ಅದನ್ನು ಓದಿ ಹೇಳಿದರು. ಎಂಟು ದಿನದೊಳಗೆ ಮಾಸ್ತಮ್ಮ ಮಗಳನ್ನು ನೆನೆದೇ ಕೊಂದವಳಾದಳು. ಮದುವೆಗೆ ಅವಳನ್ನು ಕರೆಯುವುದು ನಿಂತಿತು. ಬೆಳ್ಳಪ್ಪ ಕೆಲಸವನ್ನು ಹೊಸನಗರದ ಕಡೆಗೆ ಹಾಕಿಸಿಕೊಂಡ. ರೋಗಿಯು ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟಳೆಂದು ಗಣೇಶಮೂರ್ತಿಯ ಪುಸ್ತಕದಲ್ಲಿ ದಾಖಲಾಯಿತು.

*

ಹೊಸನಗರದಲ್ಲಿ ಮಾಸ್ತಮ್ಮ ಆಸ್ಪತ್ರೆಯ ಆಯಾ ಆದಳು. ನೆಲ ಒರೆಸಿದಳು, ಬಟ್ಟೆ ಒಗೆದಳು, ಕೈಲಾಗದವರಿಗೆ ಗಂಜಿ ಕುಡಿಸಿದಳು. ಹೆರಿಗೆ ಕೋಣೆಗೆ ಮಾತ್ರ ಏನಾದರೊಂದು ನೆಪ ಹೇಳಿ ಹೋಗುತ್ತಿರಲಿಲ್ಲ. ಐದು ವರ್ಷ ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಅರವತ್ತಾರರಲ್ಲಿ ತೀರ್ಥಹಳ್ಳಿಯಿಂದ ಜಲಜಮ್ಮ ಎಂಬ ನರ್ಸು ವರ್ಗವಾಗಿ ಬಂದಳು. ಒಂದು ಬೆಳಿಗ್ಗೆ ಎರಡು ಹೆರಿಗೆ ಒಟ್ಟಿಗೇ ಆದವು. "ಹಿಡ್ಕೊ ಮಾಸ್ತಮ್ಮ," ಎಂದು ಬಾಗಿಲಲ್ಲಿದ್ದವಳಿಗೆ ಜಲಜಮ್ಮ ಒಂದು ಕೂಸನ್ನು ಚಾಚಿದಳು. ಮಾಸ್ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒತ್ತಿ ನಿಂತಳು.

ಮಧ್ಯಾಹ್ನ ಬಾವಿಕಟ್ಟೆಯಲ್ಲಿ ಜಲಜಮ್ಮ ವಿಚಾರಿಸಿದಳು.

"ನನ್ನ ಮನಸ್ಸು ಕೆಟ್ಟದ್ದು ಅಕ್ಕ. ನಾನು ಬಯಸಿದ್ರೆ ಮಕ್ಕಳು ಸಾಯ್ತವೆ."

ಜಲಜಮ್ಮನಿಗೆ ನಗು ಬಂತು. "ಎಂತ ಹುಚ್ಚು ಮಾತು ಮಾರಾಯ್ತಿ. ಹಳೇದೆಲ್ಲ ಮರೆತುಬಿಡು."

ಮಾಸ್ತಮ್ಮ ಬಟ್ಟೆ ಹಿಂಡಿಕೊಂಡು ಎದ್ದು ಹೋದಳು. ಆಮೇಲೆ ಒಂದು ತಿಂಗಳು ಜಲಜಮ್ಮ ಬಂದರೆ ಅವಳು ಬಾವಿಯ ಆಚೆಗೆ ಹೋಗಿ ಕೂರುತ್ತಿದ್ದಳು. ತನ್ನ ಮಾತು ಎಲ್ಲಿ ತಾಗಿತೆಂದು ಜಲಜಮ್ಮನಿಗೆ ತಿಳಿಯಲು ಅಷ್ಟು ದಿನ ಬೇಕಾಯಿತು. ತಿಳಿದ ಮೇಲೆ ತಾನೂ ಬಾವಿಯ ಆಚೆಗೆ ಹೋದಳು.

"ಅವತ್ತು ನಕ್ಕಿದ್ದು ನನ್ನ ತಪ್ಪು. ಮರೆತುಬಿಡು ಅಂದಿದ್ದೂ ತಪ್ಪೇ. ನಂಗೆ ಸರಿಯಾಗಿ ಕೇಳಕ್ಕೆ ಬರ್ಲಿಲ್ಲ. ಇನ್ನೊಂದ್ಸಲ ಕೇಳ್ಲಾ?"

ಮಾಸ್ತಮ್ಮ ಬಹಳ ಹೊತ್ತು ನೋಡಿದಳು. "ಕೇಳಿ."

"ಅವತ್ತು ಎಂತ ಆಯ್ತು?"

ಏಳು ವರ್ಷದಲ್ಲಿ ಯಾರೂ ಕೇಳದ ಮಾತು ಅದು. ಮಾಸ್ತಮ್ಮ ಹೇಳಿದಳು. ಲಚ್ಚಿಗೆ ಗಂಟಲಮಾರಿ ಆಗಿತ್ತು. ಬೆಳಗಾಗುವಾಗ ಉಸಿರು ಶಿಳ್ಳೆಯಂತೆ ಕೂಗುತ್ತಿತ್ತು. ಬೆಳ್ಳಪ್ಪ ಜೋಗದ ಕಡೆ ಕೆಲಸಕ್ಕೆ ಹೋಗಿದ್ದ. ವರದಾಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಮಗುವನ್ನು ಹೆಗಲಿಗೆ ಹಾಕಿಕೊಂಡು ಆರು ಮೈಲಿ ದೂರದ ಸಾಗರಕ್ಕೆ ಹೊರಟಳು. ಇಕ್ಕೇರಿ ದಾಟಿದ ಮೇಲೆ ಕಾಲು ಏಳಲಿಲ್ಲ. ರಸ್ತೆಯ ಮೋರಿಯ ಮೇಲೆ ಕೂತಳು. ಎಮ್ಮೆಗಳ ಒಂದು ಹಿಂಡು ದಾಟಿಹೋಗುವಷ್ಟು ಹೊತ್ತು. ಏಳುವಾಗ ಮಗುವಿನ ತಲೆ ಭಾರವಾಗಿತ್ತು.

"ಕೂರದೇ ಇದ್ದಿದ್ರೆ ಬದುಕ್ತಿತ್ತಾ ಅಕ್ಕ?"

ಇಲ್ಲ ಎಂದುಬಿಡುವುದು ಸುಲಭವಿತ್ತು. ಜಲಜಮ್ಮ ಯೋಚಿಸಿ ಹೇಳಿದಳು. "ನಂಗೆ ಗೊತ್ತಿಲ್ಲ. ಆ ಕಾಯ್ಲೆ ಬಂದು ಆಸ್ಪತ್ರೆ ಮಂಚದ ಮೇಲೇ ಹೋದ ಮಕ್ಕಳನ್ನ ನೋಡಿದೀನಿ. ಆದ್ರೆ ಅಷ್ಟು ದೂರ ಹೊತ್ತವಳು ಒಂದ್ಸಲ ಕೂತೇ ಕೂರ್ತಾಳೆ. ನಾನಾದ್ರೂ ಕೂರ್ತಿದ್ದೆ."

ಮಾಸ್ತಮ್ಮ ಅತ್ತಳು. ಸ್ವಲ್ಪ ಹೊತ್ತಿನ ಮೇಲೆ ಜಲಜಮ್ಮ ಎಂದಳು, "ನನ್ನ ಮಾತಿಂದ ಸಂಕಟ ಜಾಸ್ತಿ ಆದ್ರೆ ಹೇಳ್ಬಿಡು. ಸುಮ್ನೆ ಬಾವಿ ಆಚೆ ಹೋಗ್ಬೇಡ."

ಒಂದೇ ದಿನದಲ್ಲಿ ಏನೂ ಆಗಲಿಲ್ಲ. ಡಾಕ್ಟರು ಹೇಳಿದ್ದು ಹೊರಬರಲು ಎರಡು ತಿಂಗಳಾಯಿತು. ಕೂಸೊಂದರ ಮುಷ್ಟಿಗೆ ಬೆರಳು ಕೊಡಲು ಮತ್ತೊಂದು ವರ್ಷ. ಆಮೇಲಾಮೇಲೆ ಅಳು ನಿಲ್ಲಿಸದ ಕೂಸುಗಳನ್ನೆಲ್ಲ ಅವಳ ಹತ್ತಿರವೇ ಕಳಿಸುತ್ತಿದ್ದರು.

ಹೋದ ದೀಪಾವಳಿಗೆ ಅವಳು ಅರಳಸುರಳಿಗೆ ಹೋದಳು. ತಾಯಿ ಬರುವುದನ್ನು ಕಂಡ ವರದಾ ಹಿತ್ತಲಿನಿಂದ ಹೊರಟವಳು ಸಂಜೆಯ ಬಸ್ಸು ಹೋಗುವವರೆಗೆ ಮನೆಗೆ ಬರಲಿಲ್ಲ. "ಮತ್ತೆ ಹೋಗ್ತೀನಿ. ಅವಳ ಸಿಟ್ಟು ಸರಿಯಾಗೇ ಇದೆ," ಎಂದು ಮಾಸ್ತಮ್ಮ ಜಲಜಮ್ಮನಿಗೆ ಹೇಳಿದ್ದಳು. ಶಿವರಾತ್ರಿಗೆ ಹೋಗುವುದೆಂದು ರಜೆಯನ್ನೂ ಕೇಳಿದ್ದಳು. ನಿನ್ನೆ ಬೆಳಿಗ್ಗೆ ಬಟ್ಟೆ ಹರವುತ್ತಿದ್ದವಳು ಎದೆ ಹಿಡಿದುಕೊಂಡು ಕುಸಿದಳು. ನಲವತ್ತೆರಡು ವರ್ಷ.

*

ಬೆಳ್ಳಪ್ಪನಿಂದ ಏನೂ ಹೊರಡದೆ ಗಣೇಶಮೂರ್ತಿಗೆ ಬೇಸರ ಬಂದಿತ್ತು. ಜಗಲಿಯ ತುದಿಯಲ್ಲಿದ್ದ ಹುಡುಗಿಯ ಮೇಲೆ ಅವನ ಕಣ್ಣು ಬಿತ್ತು.

"ನೀನು ದೊಡ್ಡ ಮಗಳಲ್ಲವೇ? ನಿನ್ನನ್ನು ದೂರ ಇಡಿಸಿದವನು ನಾನೇ."

ವರದಾ ತಿರುಗಿ ನೋಡಿದಳು. "ನೀವಾ? ಅಮ್ಮ ಕಳ್ಸಿದ್ದಲ್ವಾ?"

"ಅವಳಿಗೇನು ತಿಳಿಯುತ್ತದೆ? ನನ್ನ ಸೂಚನೆ ಅದು. ನಿನ್ನ ತಂಗಿಯ ಸಾವನ್ನು ನಿನ್ನ ತಾಯಿಯ ಒಳಮನಸ್ಸು ಬಯಸಿತ್ತು. ನಿನಗೂ ಅಪಾಯ ಆಗಬಾರದಲ್ಲ. ಮುಟ್ಟಲು ಕೈ ನಡುಗುತ್ತದೆ ಎಂದು ಅವಳೇ ಒಪ್ಪಿಕೊಂಡಿದ್ದಳು. ನೀನು ಇವತ್ತು ಹೀಗೆ ನಿಂತಿರುವುದಕ್ಕೆ ಆ ಸಲಹೆಯೇ ಕಾರಣ ಎಂದರೂ ತಪ್ಪಿಲ್ಲ."

ಬಿದಿರಿನ ಸದ್ದು ನಿಂತಿತು. ವರದಾ ಬೆಂಚಿನ ಹತ್ತಿರಕ್ಕೆ ಬಂದಳು.

"ನನ್ನ ತಂಗಿ ಹೆಂಗೆ ಸತ್ತಳು?" ಎಂದು ಕೇಳಿದಳು.

ಗಣೇಶಮೂರ್ತಿ ಪುಸ್ತಕದ ಹಾಳೆ ತಿರುವಿದ. ಹಿಂದಕ್ಕೆ ತಿರುವಿದ. "ಜ್ವರ ಇರಬೇಕು. ಅದು ಇಲ್ಲಿ ಮುಖ್ಯವಲ್ಲ."

"ಗಂಟಲಮಾರಿ," ಎಂಬ ದನಿ ಬಾಗಿಲಿನಿಂದ ಬಂತು. ಹೆಣಕ್ಕೆ ಸ್ನಾನ ಮಾಡಿಸಿ ಸೆರಗು ಕಟ್ಟಿಕೊಂಡೇ ಬಂದಿದ್ದ ಜಲಜಮ್ಮನ ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವಳು ಡಾಕ್ಟರನ ಕಡೆ ನೋಡಲಿಲ್ಲ. "ವರದಾ, ನಿಮ್ಮಮ್ಮ ಹೇಳಿದ್ದನ್ನ ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಬೆಳ್ಳಪ್ಪಂಗೂ ಹೇಳಿಲ್ಲ. ನಿಂಗೆ ಹೇಳ್ಬೇಕು ಅಂತ ಅವಳೇ ದೀಪಾವಳಿಗೆ ಹೊರಟು ಬಂದಿದ್ಲು. ಅದಕ್ಕೆ ಹೇಳ್ತೀನಿ."

ಅವಳು ಹೇಳಿದಳು. ಹೆಗಲ ಮೇಲಿನ ಮಗು, ಆರು ಮೈಲಿ, ಮೋರಿ, ಎಮ್ಮೆಗಳ ಹಿಂಡು. ಆಮೇಲೆ ಸಾಗರದ ಆ ಕೋಣೆ. "ನಿನ್ನನ್ನ ಬೇಡ ಅಂತ ಕಳ್ಸಿದ್ದಲ್ಲ. ತನ್ನಿಂದ ನಿಂಗೆ ಎಂತಾದ್ರೂ ಆಗ್ತದೆ ಅಂತ ನಂಬಿಸಿದ್ರು. ಅವಳು ನಂಬಿದ್ಲು."

ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು.

"ಮೋರಿಯ ಮೇಲೆ ಕೂತಳು ಎಂದಿರಾ?" ಗಣೇಶಮೂರ್ತಿ ಆಗಲೇ ಬರೆಯುತ್ತಿದ್ದ. "ಬೇಕೆಂದೇ ತಡ ಮಾಡಿದಂತಾಯಿತು. ಬಹಳ ಅರ್ಥವಿದೆ ಇದರಲ್ಲಿ. ಎಷ್ಟು ನಿಮಿಷ ಕೂತಿರಬಹುದು?"

ಬೆಳ್ಳಪ್ಪ ಕತ್ತಿಯನ್ನು ನೆಲಕ್ಕಿಟ್ಟ. ಹೆಂಡತಿ ಮೋರಿಯ ಮೇಲೆ ಕೂತ ಸಂಗತಿಯನ್ನು ಅವನೂ ಈಗಲೇ ಕೇಳಿದ್ದ. ಜಗಲಿಗೆ ಬಂದು ಡಾಕ್ಟರನ ಎದುರು ನಿಂತ.

"ಕಾರು ತೆಗಿ. ಹೆಣ ಹೋಗೋ ದಾರಿ ಅದು."

ಏಕವಚನ ಕೇಳಿ ಗಣೇಶಮೂರ್ತಿ ಮುಖ ಎತ್ತಿದ. ಸುತ್ತ ನಿಂತವರ ಮುಖಗಳನ್ನು ನೋಡಿದ. ಯಾರಲ್ಲೂ ಸಿಟ್ಟು ಇರಲಿಲ್ಲ. ಎಲೆಯ ಮೇಲೆ ಹುಳ ಕಂಡವರಂತೆ ಅವನನ್ನು ನೋಡುತ್ತಿದ್ದರು. "ದುಃಖದಲ್ಲಿದ್ದೀರಿ, ನನಗೆ ಅರ್ಥವಾಗುತ್ತದೆ," ಎಂದು ಪುಸ್ತಕ ಜೇಬಿಗೆ ಹಾಕಿಕೊಂಡ.

"ಅರ್ಥ ಮಾಡ್ಕೊಳ್ಳೋದೇ ಇವನ ಕಾಯ್ಲೆ," ಎಂದಳು ಬಂಗಾರಮ್ಮ.

ಕಾರು ಹಿಂದಕ್ಕೆ ಸರಿದು ತೀರ್ಥಹಳ್ಳಿಯ ರಸ್ತೆ ಹಿಡಿಯಿತು. ಮಹಿಳಾ ಸಮಾಜದವರು ಮೂರು ಗಂಟೆಗೆ ಹಾರ ಹಿಡಿದು ಕಾಯುವವರಿದ್ದರು.

ವರದಾ ಯಾವಾಗ ಒಳಗೆ ಹೋದಳೆಂದು ಯಾರೂ ಗಮನಿಸಲಿಲ್ಲ. ಹೆಣಕ್ಕೆ ಹಸಿರು ಸೀರೆ ಉಡಿಸಿ, ಅರಿಸಿನ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಮುತ್ತೈದೆಯಾಗಿ ಹೋಗುವವಳಿಗೆ ತಲೆ ಬಾಚಿ ಹೂ ಮುಡಿಸಬೇಕು. ದುರ್ಗಮ್ಮ ಬಾಚಣಿಗೆ ಹಿಡಿದಿದ್ದಳು.

"ಕೊಡು ದೊಡ್ಡಮ್ಮ."

ವರದಾ ತಾಯಿಯ ಹಿಂದೆ ಮಂಡಿಯೂರಿ ಕೂತಳು. ಒದ್ದೆ ಕೂದಲು ಗಂಟುಗಂಟಾಗಿತ್ತು. ಬುಡವನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ತುದಿಯಿಂದ ಸ್ವಲ್ಪ ಸ್ವಲ್ಪವೇ ಬಿಡಿಸತೊಡಗಿದಳು. ಹೊರಗೆ ಚಟ್ಟ ಸಿದ್ಧವಾಗಿತ್ತು. ಹೊರುವವರು ಬಾಗಿಲಿಗೆ ಬಂದು ಇಣುಕಿದರು. ಹೊತ್ತಾಯಿತೆಂದು ಹೇಳಲು ಬಂದವರು ಹೇಳದೆ ನಿಂತರು.

ಒಂದು ಗಂಟು ಬಿಡಲಿಲ್ಲ. ಬಾಚಣಿಗೆ ಎಳೆದಾಗ ಮಾಸ್ತಮ್ಮನ ತಲೆ ಸ್ವಲ್ಪ ಹಿಂದಕ್ಕೆ ವಾಲಿತು. ವರದಾ ತಟ್ಟನೆ ಕೈ ತಡೆದು, ಮುಂದಕ್ಕೆ ಬಾಗಿ, ತಾಯಿಯ ಕಿವಿಯ ಹತ್ತಿರ ಕೇಳಿದಳು.

"ನೋವಾಯ್ತಾ ಅಮ್ಮ?"

ಕೇಳಿ, ಹಾಗೇ ಕಾದಳು.