ಹಾಡಿಯ ದಾರಿಗೆ ಬಿದ್ದ ಬೀಟೆ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷದ ಮಳೆಗಾಲ. ಶ್ರೀಮಂಗಲದ ಕಡೆಯ ಸರ್ಕಾರಿ ಆಸ್ಪತ್ರೆಯ ನರ್ಸ್ ಯಮುನ ರಸ್ತೆ ಇಲಾಖೆಯ ಲಾರಿಯಲ್ಲಿ ಮೊಣಕಾಲೂರಿ ಕೂತು, ಬಾಣಂತಿ ಚೋಮಿಯ ಕಿಬ್ಬೊಟ್ಟೆಯನ್ನು ಒತ್ತಿ ಹಿಡಿದಿದ್ದಳು. ಕಾಡಂಚಿನ ಬುಡಕಟ್ಟಿನವರ ಹಾಡಿಯಲ್ಲಿ ಬೆಳಿಗ್ಗೆ ಮಗುವೇನೋ ಹುಟ್ಟಿತ್ತು, ಮಾಸು ಬಿದ್ದಿರಲಿಲ್ಲ. ರಕ್ತ ನಿಲ್ಲುತ್ತಿರಲಿಲ್ಲ. ಮಗುವನ್ನು ಹಾಡಿಯ ಹೆಂಗಸರ ಕೈಗೆ ಕೊಟ್ಟು ಬಂದಿದ್ದರು. ಆಸ್ಪತ್ರೆಗೆ ವಾಹನವಿಲ್ಲ. ಹತ್ತಿರದಲ್ಲಿ ಮೋರಿ ಕಟ್ಟಿಸುತ್ತಿದ್ದ ಓವರ್ಸಿಯರ್ ಸಿದ್ದಣ್ಣನನ್ನು ಕಾಡಿ ಬೇಡಿ ಅವನ ಲಾರಿಯನ್ನು ಆಸ್ಪತ್ರೆಯ ಕಡೆಗೆ ಹೊರಡಿಸಿದ್ದಳು.

ತಿರುವಿನಲ್ಲಿ ಲಾರಿ ಗಕ್ಕನೆ ನಿಂತಿತು. ರಸ್ತೆಗೆ ಅಡ್ಡವಾಗಿ ದೊಡ್ಡ ಬೀಟೆ ಮರ ಬಿದ್ದಿತ್ತು. ಪಕ್ಕದಲ್ಲಿ ಗಾರ್ಡುಗಳ ಜೊತೆ ಕಾವಲು ನಿಂತಿದ್ದವನು ಅರಣ್ಯ ಇಲಾಖೆಯ ರೇಂಜರ್ ಉತ್ತಯ್ಯ.

"ಗರಗಸ ಇದೆ, ಆಳುಗಳಿದ್ದಾರೆ. ನೀವು ಹೂಂ ಅಂದ್ರೆ ಕೊಯ್ಸಿಬಿಡ್ತೀನಿ," ಎಂದ ಸಿದ್ದಣ್ಣ.

"ಬೀಟೆ ಸರ್ಕಾರದ ಸೊತ್ತು ಕಣ್ರಿ. ಮಡಿಕೇರಿಯಿಂದ ಆರ್ಡರ್ ಬರದೆ ಮುಟ್ಟೋ ಹಾಗಿಲ್ಲ," ಎಂದ ಉತ್ತಯ್ಯ.

"ಹಾಗಾದ್ರೆ ನಾನೇನು ಮಾಡ್ಲಿ ನರ್ಸಮ್ಮ? ಕೊಯ್ದ್ರೆ ಕೇಸು ನನ್ನ ಮೇಲೆ ಬೀಳ್ತದೆ."

ಚೋಮಿಯ ತುಟಿ ಬಿಳಿಚಿಕೊಂಡಿತ್ತು. ಗಂಡ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಧಿಕಾರಿಗಳ ಮುಖ ನೋಡಲೂ ಹೆದರಿ ಕೂತಿದ್ದ. ಯಮುನ ಎದ್ದು ಹೋಗುವಂತಿರಲಿಲ್ಲ. ಕೈ ತೆಗೆದರೆ ಹೆಂಗಸು ಉಳಿಯುವುದಿಲ್ಲ. ಕೂತಲ್ಲಿಂದಲೇ ಕೂಗಿದಳು.

"ಉತ್ತಯ್ಯನವರೇ, ಹೋದ ತಿಂಗಳು ಎಸ್ಟೇಟ್ ಸಾಹುಕಾರರ ಸೊಸೆಗೆ ನೋವು ಬಂದಾಗ ಇದೇ ರಸ್ತೇಲಿ ಮರ ಬಿದ್ದಿತ್ತು. ಅವರ ಕಾರು ಬರೋ ಮೊದಲೇ ಕೊಯ್ಸಿದ್ರಿ. ಆವತ್ತು ಯಾವ ಆರ್ಡರ್ ಬಂದಿತ್ತು?"

ಉತ್ತಯ್ಯನ ಮುಖ ಕೆಂಪಾಯಿತು. "ಅದು ಬೀಟೆಯಲ್ಲ," ಎನ್ನುತ್ತ ಲಾರಿಯ ಹತ್ತಿರ ಬಂದ. ಹಲಗೆಯ ಸಂದಿನಿಂದ ರಕ್ತ ಕೆಳಗೆ ತೊಟ್ಟಿಕ್ಕುತ್ತಿತ್ತು. ಅವನು ತಿರುಗಿ ಹೋಗಿ, ಇಲಾಖೆಯ ಮುದ್ರೆ ಸುತ್ತಿಗೆಯಿಂದ ತಾನೇ ಮರಕ್ಕೆ ಕೊಯ್ಯಲು ಒಪ್ಪಿಗೆಯ ಗುರುತು ಹೊಡೆದ.

"ಕೊಯ್ಸಿ ಸಿದ್ದಣ್ಣ. ಕೇಸು ಬಂದ್ರೆ ನನ್ನ ಮೇಲೆ ಬರ್ಲಿ."

ಗಟ್ಟಿಮರದಲ್ಲಿ ಗರಗಸ ಸಿಕ್ಕಿಕೊಂಡಿತು. ಎಳೆದು ಬಿಡಿಸಿ ಮತ್ತೆ ಹಾಕಿದರು. ಗಾರ್ಡುಗಳೂ ಸನ್ನೆಕೋಲು ಹಿಡಿದರು. ಯಮುನಳ ತೋಳು ಮರಗಟ್ಟಿತ್ತು. "ಚೋಮಿ, ಕಣ್ಣು ಮುಚ್ಚಬೇಡ, ನನ್ನನ್ನೇ ನೋಡು," ಎನ್ನುತ್ತಲೇ ಇದ್ದಳು. ಕೊನೆಗೆ ತುಂಡು ಚರಂಡಿಗೆ ಉರುಳಿತು, ಲಾರಿ ದಾಟಿತು.

ಚೋಮಿ ಬದುಕಿದಳು. ಉತ್ತಯ್ಯನಿಗೆ ವಿವರಣೆ ಕೇಳಿ ನೋಟೀಸು ಬಂತು. ಆಸ್ಪತ್ರೆಯ ಡಾಕ್ಟರು ಸುಮ್ಮನಿರಲಿಲ್ಲ; ಯಮುನಳನ್ನೂ ಸಿದ್ದಣ್ಣನನ್ನೂ ಕರೆದುಕೊಂಡು ಮಡಿಕೇರಿಗೆ ಹೋಗಿ ಮೇಲಧಿಕಾರಿಗಳ ಮುಂದೆ ಕೂತರು. ಮೂರು ಇಲಾಖೆಗಳ ನಡುವೆ ಬಹಳ ಹೊತ್ತು ಜಗಳವೇ ನಡೆಯಿತು. ಕೊನೆಗೆ ನೋಟೀಸು ಹಿಂದಕ್ಕೆ ಹೋಯಿತು. ಬುಧವಾರಗಳಂದು ಅರಣ್ಯ ಇಲಾಖೆಯ ಜೀಪಿನಲ್ಲಿ ನರ್ಸ್ ಹಾಡಿಗೆ ಹೋಗಬೇಕು, ಹಾಡಿಯ ದಾರಿಯನ್ನು ರಸ್ತೆ ಇಲಾಖೆ ನೋಡಿಕೊಳ್ಳಬೇಕು ಎಂದಾಯಿತು.

ಮೊದಲ ಬುಧವಾರ ಮಧ್ಯಾಹ್ನವಾದರೂ ಜೀಪಿನ ಸುಳಿವಿಲ್ಲ. ಅಧಿಕಾರಿಗಳ ಮಾತು ಇಷ್ಟೇ ಎಂದುಕೊಂಡು ಯಮುನ ಚೀಲ ಒಳಗಿಡುವಷ್ಟರಲ್ಲಿ ಹಾರ್ನ್ ಕೇಳಿಸಿತು. ಡ್ರೈವರ್ ಜ್ವರ ಬಂದು ಮಲಗಿದ್ದನಂತೆ. ಉತ್ತಯ್ಯನೇ ಓಡಿಸಿಕೊಂಡು ಬಂದಿದ್ದ.

"ಹತ್ತಿ ನರ್ಸಮ್ಮ, ಹಾಡೀಲಿ ಕಾಯ್ತಾ ಇದ್ದಾರೆ."