ಗುರುವಾರದ ತಟ್ಟೆ

ಬಂದರಿನ ದೋಣಿಯವರಿಗೆಲ್ಲ ಅವಳು ನೀರಕ್ಕ. ಹದಿನಾರು ವರ್ಷಗಳಿಂದ ಪ್ರತಿ ಮಂಗಳವಾರ ಬೆಳಿಗ್ಗೆ ಅಳಿವೆಗೆ ಹೋಗಿ, ನದಿ ಕಡಲನ್ನು ಸೇರುವ ಜಾಗದ ನೀರನ್ನು ಬಾಟಲಿಗಳಲ್ಲಿ ತುಂಬಿಕೊಂಡು ಬರುವುದು ಅವಳ ಕೆಲಸ. ನೀರು ಎಷ್ಟು ಬಿಸಿಯಿದೆ, ಎಷ್ಟು ಉಪ್ಪಾಗಿದೆ, ಬಣ್ಣ ಹೇಗಿದೆ ಎಂದು ದೋಣಿಯಲ್ಲೇ ಬರೆದುಕೊಳ್ಳುವಳು. ಆಮೇಲೆ ಪ್ರಯೋಗಾಲಯದಲ್ಲಿ ಆ ನೀರನ್ನು ಅಗರ್ ಎಂಬ ಹಸಿರು ಲೋಳೆ ಹರಡಿದ ತಟ್ಟೆಗಳ ಮೇಲೆ ಸವರಿ, ಕಾಲರಾ ಬ್ಯಾಕ್ಟೀರಿಯಾ ಬೆಳೆಯುತ್ತದೆಯೋ ಎಂದು ಕಾಯುವಳು. ಬೆಳೆದರೆ ತಟ್ಟೆಯಲ್ಲಿ ಹಳದಿ ಚುಕ್ಕೆಗಳು ಏಳುತ್ತವೆ.

ಕಾಲರಾ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ರೋಗವೆಂದು ಜನ ತಿಳಿದಿದ್ದರು. ಅದು ಎಲ್ಲಿಗೂ ಹೋಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಚಳಿಯ ತಿಂಗಳುಗಳಲ್ಲಿ ಅದು ತಟ್ಟೆಯ ಮೇಲೆ ಬೆಳೆಯುವುದಿಲ್ಲ, ನೀರಿನಲ್ಲೇ ಸುಮ್ಮನೆ ಬಿದ್ದಿರುತ್ತದೆ. ಬಿಸಿಲೇರಿ ನೀರು ಬೆಚ್ಚಗಾಗಿ, ಕಡಲು ಹಸಿರಾಗಿ, ಆ ಹಸಿರನ್ನು ಮೇಯುವ ಸಾಸಿವೆಗಿಂತ ಸಣ್ಣ ಸಿಗಡಿಯಂಥ ಹುಳುಗಳು ಹೆಚ್ಚಿದಾಗ, ಅವುಗಳ ಮೈಗೆ ಅಂಟಿಕೊಂಡು ತಾನೂ ಹೆಚ್ಚುತ್ತದೆ. ಅದಾದ ಕೆಲವು ವಾರಕ್ಕೆ ದೋಣಿಯವರ ಕೇರಿಯಲ್ಲಿ ಯಾರಾದರೊಬ್ಬರು ಆಸ್ಪತ್ರೆ ಸೇರುತ್ತಾರೆ. ಇದನ್ನೆಲ್ಲ ಅವಳು ಪುಸ್ತಕ ಓದಿ ಕಲಿತದ್ದಲ್ಲ. ತನ್ನ ಕೈಯಾರೆ ತುಂಬಿಸಿದ ಹದಿನಾರು ನೋಟುಬುಕ್ಕುಗಳಿಂದ ಕಲಿತದ್ದು.

ಆದರೆ ಹಿತ್ತಲ ಗಿಡ ಮದ್ದಲ್ಲವಲ್ಲ. ಮನೆಯಲ್ಲಿ ಅವಳ ಕೆಲಸಕ್ಕೆ ‘ಬಾಟಲಿ ತೊಳೆಯೋದು’ ಎಂದೇ ಹೆಸರು. ಅದನ್ನೂ ಅವಳು ನುಂಗಿಕೊಂಡಿದ್ದಳು, ಮೈದುನನ ಮದುವೆಯಾಗುವವರೆಗೆ.

ಬಂದ ಓರಗಿತ್ತಿ ಇವಳಿಗಿಂತ ಹನ್ನೆರಡು ವರ್ಷ ಚಿಕ್ಕವಳು, ಸಮುದ್ರ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವಳು. ಸಾಲದ್ದಕ್ಕೆ ಅದೇ ಪ್ರಯೋಗಾಲಯಕ್ಕೆ ಅಧಿಕಾರಿಯಾಗಿ ಬಂದು ಕೂತಳು. ಮನೆಯಲ್ಲಿ ಹಿರಿಯ ಸೊಸೆಯಾದ ನೀರಕ್ಕ ಕಚೇರಿಯಲ್ಲಿ ಕಿರಿಯಳ ಕೈಕೆಳಗಾದಳು.

“ನಮ್ಮ ಚಿಕ್ಕ ಸೊಸೆ ಉಪಗ್ರಹದಿಂದಲೇ ಸಮುದ್ರ ನೋಡ್ತಾಳೆ. ಕಾಯಿಲೆ ಯಾವ ತಿಂಗಳು ಬರುತ್ತೆ ಅಂತ ಮೊದಲೇ ಹೇಳಿಬಿಡ್ತಾಳೆ,” ಎಂದು ಅತ್ತೆ ಪಕ್ಕದ ಮನೆಯವಳ ಹತ್ತಿರ ಹೇಳುತ್ತಿದ್ದರು.

“ದೊಡ್ಡವಳೂ ಅಲ್ಲೇ ಅಲ್ವಾ ಕೆಲಸ?”

“ಹೂಂ, ಅವಳು ಇವಳಿಗೆ ನೀರು ತಂದುಕೊಡ್ತಾಳೆ.”

ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ನೀರಕ್ಕನ ಕಿವಿಗೆ ಅದು ಬಿತ್ತು. ಆಗಲೇ ಹಿಂಡಿದ್ದ ಅಂಗಿಯನ್ನು ಅವಳು ಮತ್ತೆರಡು ಸಲ ಹಿಂಡಿದಳು.

ಕಷ್ಟವೆಂದರೆ ಓರಗಿತ್ತಿ ಕೆಟ್ಟವಳಾಗಿರಲಿಲ್ಲ. ಕೆಟ್ಟವಳಾಗಿದ್ದರೆ ಹೊಟ್ಟೆಕಿಚ್ಚಿಗೆ ಒಂದು ನೆಪವಾದರೂ ಸಿಗುತ್ತಿತ್ತು. ಅವಳು ಬೆಳಗಾದರೆ ಪಾತ್ರೆ ತೊಳೆಯಲು ಕೈಜೋಡಿಸುವಳು, ಕಚೇರಿಯಲ್ಲೂ ಎಲ್ಲರೆದುರು ಅಕ್ಕ ಎಂದೇ ಕರೆಯುವಳು. ನೀರಕ್ಕ ಮಾತ್ರ ಕಚೇರಿಯ ಹೊಸ್ತಿಲು ದಾಟಿದ ಕೂಡಲೇ ಅವಳನ್ನು ಮೇಡಂ ಎನ್ನುವಳು. ಆ ಮಾತಿನಲ್ಲಿ ಎಷ್ಟು ಖಾರವಿದೆಯೆಂದು ಇಬ್ಬರಿಗೂ ಗೊತ್ತಿತ್ತು.

“ಅಕ್ಕಾ, ನಿಮ್ಮ ನೋಟುಬುಕ್ ಒಂದು ವಾರ ಕೊಡ್ತೀರಾ? ನನ್ನ ನಕ್ಷೆ ಜೊತೆ ತಾಳೆ ನೋಡ್ಬೇಕಿತ್ತು,” ಎಂದು ಅವಳು ಎರಡು ಸಲ ಕೇಳಿದ್ದಳು.

“ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ನಿಮಗೆ ಓದಕ್ಕಾಗಲ್ಲ ಮೇಡಂ,” ಎಂದು ನೀರಕ್ಕ ಕಪಾಟಿಗೆ ಬೀಗ ಹಾಕಿದ್ದಳು.

ಆ ವರ್ಷ ಬೇಸಿಗೆ ಇನ್ನೂ ಕಾಲಿಡುವ ಮೊದಲೇ ಅಳಿವೆಯ ಬಾಯಿಗೆ ಮರಳು ಕಟ್ಟಿತು. ಅದರ ಹಿಂದಿನ ಹಿನ್ನೀರು ಕಡಲಿಗೆ ಹರಿಯಲಾಗದೆ, ಬಿಸಿಲಿಗೆ ಕಾದು, ಬಚ್ಚಲಿನ ಪಾಚಿಯಂತೆ ಹಸಿರಾಯಿತು. ಮಂಗಳವಾರ ಹುಳು ಹಿಡಿಯುವ ಸಣ್ಣ ಕಣ್ಣಿನ ಬಲೆ ಎಳೆದಾಗ ಅದರ ತುದಿಯ ಸೀಸೆಯಲ್ಲಿ ನೀರು ಗಂಜಿಯಂತೆ ಮಂದವಾಗಿ ಬಂತು, ಸೀಸೆಯ ತುಂಬ ಹುಳು. ಬುಧವಾರ ತಟ್ಟೆಗೆ ಸವರಿದಳು. ಗುರುವಾರ ಬೆಳಿಗ್ಗೆ ತೆಗೆದು ನೋಡಿದರೆ ಹಳದಿ ಚುಕ್ಕೆಗಳು ಒತ್ತೊತ್ತಾಗಿ ಎದ್ದಿದ್ದವು. ಅಂಥ ಚುಕ್ಕೆಗಳಲ್ಲಿ ಬಹುಪಾಲು ನಿರುಪದ್ರವಿಗಳೇ. ಒಂದು ಚುಕ್ಕೆಯನ್ನು ಗಾಜಿನ ಮೇಲೆ ತೆಗೆದು ಪರೀಕ್ಷೆಯ ಹನಿ ಬೆರೆಸಿದಳು. ಕಣ್ಣೆದುರೇ ಅದು ಮೊಸರಿನಂತೆ ಒಡೆಯಿತು. ರೋಗ ತರುವ ಜಾತಿಯೇ, ಎರಡು ತಿಂಗಳು ಮೊದಲೇ.

ನೇರವಾಗಿ ಓರಗಿತ್ತಿಯ ಕೋಣೆಗೆ ಹೋಗಬೇಕಿತ್ತು. ಬಾಗಿಲವರೆಗೆ ಹೋದಳು ಕೂಡ. ಒಳಗೆ ಅವಳು ಸೋಮವಾರದ ಸಭೆಗೆ ನಕ್ಷೆಗಳನ್ನು ಜೋಡಿಸುತ್ತಿದ್ದಳು. ಆರೋಗ್ಯ ಇಲಾಖೆಯ ದೊಡ್ಡವರೆಲ್ಲ ಬರುವ ಸಭೆ. ಪರದೆಯ ಮೇಲೆ ಕಡಲು ಪೂರ್ತಿ ನೀಲಿ. ಮುಂದಿನ ಎಂಟು ವಾರ ಅಪಾಯವಿಲ್ಲ ಎಂದು ಕೆಳಗೆ ಬರೆದಿತ್ತು. ಆ ನಕ್ಷೆಯ ಒಂದೊಂದು ಚುಕ್ಕೆಯೂ ಕಿಲೋಮೀಟರ್ ಅಗಲ, ಹಿನ್ನೀರಿನ ಸಣ್ಣ ಪಟ್ಟಿ ಅದಕ್ಕೆ ಕಾಣುವುದೇ ಇಲ್ಲ.

ಈಗ ಹೇಳಿದರೆ ಅವಳು ಒಂದು ಸಾಲು ತಿದ್ದಿಕೊಂಡು ತಾನೇ ಕಂಡುಹಿಡಿದಂತೆ ಹೇಳುತ್ತಾಳೆ. ಸೋಮವಾರ ಎಲ್ಲರೆದುರು ತಟ್ಟೆ ಇಟ್ಟರೆ? ನಡುವೆ ಮೂರು ದಿನ, ಅಷ್ಟರಲ್ಲಿ ಯಾವ ಊರು ಮುಳುಗಿಹೋಗುತ್ತದೆ? ನೀರಕ್ಕ ಬಾಗಿಲಿನಿಂದಲೇ ಹಿಂದಿರುಗಿ, ತಟ್ಟೆಯನ್ನು ಫ್ರಿಜ್ಜಿನ ಹಿಂಬದಿಗೆ ಸರಿಸಿದಳು.

ಶುಕ್ರವಾರ ದಡದಲ್ಲಿ ಅಂಬಿಗಜ್ಜ ಸಿಕ್ಕಿದ. ಹದಿನಾರು ವರ್ಷ ಅವಳನ್ನು ಅಳಿವೆಗೆ ಕರೆದೊಯ್ದ ಮುದುಕ. ಹೆಂಡತಿ ಸತ್ತ ಮೇಲೆ ಹಿನ್ನೀರಿನಲ್ಲಿ ಕಟ್ಟಿದ ದೋಣಿಯಲ್ಲೇ ಅವನ ವಾಸ. ದಡದಲ್ಲಿ ತೋಡಿದ, ಹಿನ್ನೀರು ಬಂದು ಸೇರುವ ಬಾವಿಯಿಂದಲೇ ಕುಡಿಯುವ ನೀರು.

“ಹೇಗಿದೆ ನೀರಕ್ಕಾ, ಈ ವಾರದ ನೀರು? ಕಾಯಿಸ್ಬೇಕಾ, ಹಾಗೇ ಕುಡೀಬಹುದಾ?” ಪ್ರತಿ ವಾರ ಅವನು ಕೇಳುವ ಮಾತು. ಸೀಮೆಎಣ್ಣೆ ಸುಡುವುದೆಂದರೆ ಅವನಿಗೆ ಪ್ರಾಣಸಂಕಟ. ಅವಳು ಕಾಯಿಸು ಎಂದಾಗ ಮಾತ್ರ ಕಾಯಿಸುತ್ತಿದ್ದ.

ಕಾಯಿಸು ಎಂದರೆ ಮುದುಕನ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ಸಂಜೆಯೊಳಗೆ ಬಂದರಿಗೆಲ್ಲ ಗೊತ್ತಾಗುತ್ತದೆ, ಓರಗಿತ್ತಿಗೂ.

“ಎಂದಿನ ಹಾಗೇ ಇದೆ ಅಜ್ಜಾ,” ಎಂದಳು.

ಸೋಮವಾರ ಎಲ್ಲವೂ ಅಂದುಕೊಂಡಂತೆಯೇ ಆಯಿತು. ಓರಗಿತ್ತಿ ನಕ್ಷೆ ತೋರಿಸಿ ಮಾತು ಮುಗಿಸಿದ ಮೇಲೆ ಹಿಂದಿನ ಸಾಲಿನಿಂದ ನೀರಕ್ಕ ಎದ್ದು ಬಂದು ತಟ್ಟೆಯನ್ನು ಮೇಜಿನ ಮೇಲೆ ಇಟ್ಟಳು. “ಹಿನ್ನೀರಲ್ಲಿ ಆಗಲೇ ಶುರುವಾಗಿದೆ ಸಾರ್. ನಕ್ಷೆಗೆ ಕಂಡಿಲ್ಲ,” ಎಂದಳು. ಸಭೆ ಗುಜುಗುಜು ಎಂದಿತು. ಆರೋಗ್ಯಾಧಿಕಾರಿ ಅವಳಿಗೆ ಕುರ್ಚಿ ಕೊಡಿಸಿ, ಅರ್ಧ ಗಂಟೆ ಅವಳನ್ನೇ ಪ್ರಶ್ನೆ ಕೇಳಿದರು. ಹದಿನಾರು ವರ್ಷದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ಅವಳು ಹೇಳಿದ್ದನ್ನು ಯಾರೋ ಬರೆದುಕೊಂಡರು. ಓರಗಿತ್ತಿಯ ಮುಖ ಕೆಂಪಾದದ್ದನ್ನು ಅವಳು ಕಣ್ತುಂಬ ನೋಡಿದಳು. ಒಳಗೆ ತಣ್ಣಗಾಯಿತು.

ಆ ತಂಪು ಬಹಳ ಹೊತ್ತು ಉಳಿಯಲಿಲ್ಲ. ಸಭೆ ಚದುರುವಾಗ ಓರಗಿತ್ತಿ ತಟ್ಟೆಯನ್ನು ಮಗುಚಿ, ಕೆಳಗೆ ಅಂಟಿಸಿದ್ದ ಚೀಟಿಯನ್ನು ಓದಿದಳು. ಪ್ರತಿ ತಟ್ಟೆಗೂ ದಿನ, ಗಂಟೆ ಬರೆಯುವುದು ನೀರಕ್ಕನ ರೂಢಿ. ಕೈ ತಾನಾಗಿ ಬರೆದಿತ್ತು.

ಎಲ್ಲರೂ ಹೋದ ಮೇಲೆ ಓರಗಿತ್ತಿ ಕೇಳಿದಳು. “ಗುರುವಾರವೇ ಗೊತ್ತಿತ್ತಾ ಅಕ್ಕಾ?”

ನೀರಕ್ಕ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು.

“ನನ್ನ ಮರ್ಯಾದೆ ತೆಗೀಬೇಕು ಅಂತಿದ್ರೆ ಬೇರೆ ಯಾವುದರಲ್ಲಾದ್ರೂ ತೆಗೀಬಹುದಿತ್ತು. ಇದರಲ್ಲಿ ಬೇಡಿತ್ತು.”

ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯಿಂದ ಫೋನ್ ಬಂತು. ಹಿನ್ನೀರಿನ ದಡದ ನಾಲ್ವರಿಗೆ ವಾಂತಿ ಭೇದಿ. ಅದರಲ್ಲೊಬ್ಬ ಅಂಬಿಗಜ್ಜ.

ಅವಳು ಓಡಿದಾಗ ಮುದುಕ ಎರಡೂ ಕೈಗೆ ಡ್ರಿಪ್ ಹಾಕಿಸಿಕೊಂಡು ಮಲಗಿದ್ದ. ಕಣ್ಣು ಗುಳಿಬಿದ್ದು, ಬೆರಳಿನ ಚರ್ಮ ಸುಕ್ಕಾಗಿತ್ತು. ಎರಡು ದಿನ ಅವನು ಇತ್ತಲೋ ಅತ್ತಲೋ ಎನ್ನುವಂತಿದ್ದ. ಮೂರನೆಯ ದಿನ ಕಣ್ಣು ಬಿಟ್ಟು, ಹಾಸಿಗೆಯ ಪಕ್ಕ ಅವಳು ಕೂತಿರುವುದನ್ನು ಕಂಡ.

“ಮೀನು ಕೆಟ್ಟಿತ್ತು ಅಂತ ಕಾಣುತ್ತೆ,” ಎಂದ. “ನೀರು ಚೆನ್ನಾಗಿತ್ತಲ್ಲ, ನೀನೇ ಹೇಳಿದ್ಯಲ್ಲ.”

ಅಲ್ಲಿ ಅವಳಿಗೆ ತಡೆಯಲಾಗಲಿಲ್ಲ. “ಮೀನಲ್ಲ ಅಜ್ಜಾ, ನೀರೇ. ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಳ್ಳು ಹೇಳಿದೆ.” ಏಕೆಂದೂ ಹೇಳಿದಳು, ಒಂದಕ್ಷರ ಬಿಡದೆ. ಹೇಳುತ್ತ ಹೇಳುತ್ತ ಆ ಕಾರಣ ಎಷ್ಟು ಸಣ್ಣದೆಂದು ಅವಳಿಗೇ ಕೇಳಿಸಿತು.

ಮುದುಕ ಅವಳಿಂದ ಮುಖ ತಿರುಗಿಸಿದ. “ಓರಗಿತ್ತೀರ ಜಗಳದಲ್ಲಿ ಗೋಡೆ ಬೀಳೋದು ಕೇಳಿದ್ದೆ,” ಎಂದ. “ನನ್ನ ಮೇಲೇ ಬೀಳುತ್ತೆ ಅಂದ್ಕೊಂಡಿರ್ಲಿಲ್ಲ. ಈಗ ಹೋಗು ತಾಯಿ, ನನಗೆ ಸುಸ್ತು.”

ಅವನು ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಅವಳೇ ನಿರ್ದೇಶಕರ ಮುಂದೆ ನಿಂತು ತಪ್ಪೊಪ್ಪಿಕೊಂಡಳು. ಆರು ತಿಂಗಳು ಅಳಿವೆಗೆ ಹೋಗುವಂತಿಲ್ಲ, ತಟ್ಟೆ ಓದುವಂತಿಲ್ಲ ಎಂದು ಆದೇಶವಾಯಿತು. ಓರಗಿತ್ತಿ ಮನೆಯಲ್ಲಿ ಈ ಸುದ್ದಿ ಎತ್ತಲಿಲ್ಲ. ಹಾಗಂತ ಕ್ಷಮಿಸಲೂ ಇಲ್ಲ. ಪಾತ್ರೆ ತೊಳೆಯುವಾಗ ಇಬ್ಬರ ನಡುವೆ ನಲ್ಲಿಯ ಸದ್ದು ಮಾತ್ರ.

ಆದೇಶವಾದ ನಾಲ್ಕನೆಯ ದಿನ ನೀರಕ್ಕ ಹದಿನಾರೂ ನೋಟುಬುಕ್ಕುಗಳನ್ನು ಹೊತ್ತು ತಂದು ಅವಳ ಮೇಜಿನ ಮೇಲಿಟ್ಟಳು. “ಓದಕ್ಕಾಗದ ಕಡೆ ಕೇಳು, ಹೇಳ್ತೀನಿ.”

ಮೇಡಂ ಎನ್ನಲು ಆ ದಿನ ನಾಲಿಗೆ ಹೊರಳಲಿಲ್ಲ.

ಅಂದಿನಿಂದ ಒಬ್ಬಳು ಓದುವಳು, ಇನ್ನೊಬ್ಬಳು ಬಿಡಿಸಿ ಹೇಳುವಳು. ಮರಳು ಕಟ್ಟಿದ ವರ್ಷಗಳಲ್ಲೆಲ್ಲ ರೋಗ ಮೊದಲೇ ಬಂದಿತ್ತು. ಅಂಥ ವರ್ಷಗಳು ಮೂರು. ಆ ಮೂರನ್ನೂ ಕಂಡು ಓರಗಿತ್ತಿ ಪೆನ್ನು ಕೆಳಗಿಟ್ಟಳು. “ಇದು ಮೊದಲೇ ಸಿಕ್ಕಿದ್ರೆ” ಎಂದು ಶುರುಮಾಡಿ, ಮುಂದಿನ ಪುಟ ತಿರುಗಿಸಿದಳು. ನಡುನಡುವೆ ಇಬ್ಬರೂ ಹಿನ್ನೀರಿನ ಕೇರಿಗೆ ಹೋಗಿ, ಹಳೆಯ ಹತ್ತಿ ಬಟ್ಟೆಯನ್ನು ಎಂಟು ಮಡಿಕೆ ಮಾಡಿ ನೀರು ಸೋಸುವುದನ್ನು ಮನೆಮನೆಗೆ ತೋರಿಸಿದರು. ಹುಳು ಬಟ್ಟೆಯಲ್ಲಿ ನಿಂತರೆ, ಅದಕ್ಕೆ ಅಂಟಿದ ಬ್ಯಾಕ್ಟೀರಿಯಾದಲ್ಲಿ ಹೆಚ್ಚಿನದೂ ನಿಲ್ಲುತ್ತದೆ. ಮತ್ತೊಬ್ಬರು ಆಸ್ಪತ್ರೆ ಸೇರಿದರು, ಆದರೆ ಯಾರೂ ಸಾಯಲಿಲ್ಲ.

ಮಂಗಳವಾರಗಳು ಮಾತ್ರ ಅವಳಿಗೆ ಸಹಿಸಲಾಗಲಿಲ್ಲ. ಈಗ ಅಳಿವೆಗೆ ಹೋಗುವವಳು ಓರಗಿತ್ತಿ. ಚೇತರಿಸಿಕೊಂಡ ಅಂಬಿಗಜ್ಜ ಅವಳಿಗೂ ಅದೇ ಹಲಗೆಯನ್ನು ಒರೆಸಿ ಕೂರಿಸುವನು, ಹಳೆಯ ಜೋಕುಗಳನ್ನೇ ಹೇಳುವನು. ದಡದ ಮೇಲಿನ ಪ್ರಯೋಗಾಲಯದ ಕಿಟಕಿಯಿಂದ ನೀರಕ್ಕನಿಗೆ ಅವಳ ನಗು ಕೇಳುತ್ತಿತ್ತು. ಅಸೂಯೆ ಹೋಗಿರಲಿಲ್ಲ. ಅದು ಹೋಗುತ್ತದೆಂದು ಅವಳು ಕಾಯುವುದನ್ನೂ ಬಿಟ್ಟಳು. ದೋಣಿ ದಡ ಸೇರಿದ ಕೂಡಲೇ ಕೆಳಗಿಳಿದು ಹೋಗಿ, ಓರಗಿತ್ತಿಯ ಕೈಯಿಂದ ಬಾಟಲಿಗಳ ಪೆಟ್ಟಿಗೆಯನ್ನು ತೆಗೆದುಕೊಂಡು, ಒಂದೊಂದೇ ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡುತ್ತಿದ್ದಳು.